ಸಂಕ ಕಟ್ಟುವವರೇ, ದೋಣಿಗೆ ದಾರಿ ಎಲ್ಲಿ?

ಮೊನ್ನೆ ಬೆಳಿಗ್ಗೆ ತೊಕ್ಕೊಟ್ಟಿನಿಂದ ಸ್ಟೇಟ್‌ಬ್ಯಾಂಕಿಗೆ ಬರುವ ಬಸ್ಸು ನೇತ್ರಾವತಿ ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಕಾರುಗಳ ಸಾಲು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಕಂಡಕ್ಟರು ಮಾತ್ರ ಅಭ್ಯಾಸಬಲದಿಂದ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಲೇ ಇದ್ದ. ಮುಂದೆ ಹೋಗುವುದು ಎಲ್ಲಿಗೆ? ಬಸ್ಸೇ ಹೋಗುವುದಿಲ್ಲ!

ಕಿಟಕಿಯ ಬಳಿ ಕೂತಿದ್ದ ಹಿರಿಯರೊಬ್ಬರು ಕೆಳಗೆ ಹೊಳೆ ನೋಡುತ್ತಾ ಹೇಳಿದರು: "ಇಷ್ಟು ಅಗಲದ ರಸ್ತೆ ಕೆಳಗೆ ಖಾಲಿ ಬಿದ್ದುಕೊಂಡುಂಟು. ನಾವು ಮೇಲೆ ಒಬ್ಬರ ಕಾಲು ಒಬ್ಬರು ತುಳೀತಾ ನಿಂತಿದ್ದೇವೆ. ಎಂತ ಅವಸ್ಥೆ ಮಾರಾಯ್ರೆ!"

ಬಸ್ಸಿನಲ್ಲಿ ನಗು ಎದ್ದಿತು. ಆದರೆ ಆ ಮಾತು ನನ್ನನ್ನು ಬೋಳಾರದ ತನಕ ಬಿಡಲಿಲ್ಲ. ಹಿರಿಯರು ಹೇಳಿದ್ದು ತಮಾಷೆಯಲ್ಲ, ಚರಿತ್ರೆ.

ಹೊಳೆಯೇ ರಸ್ತೆಯಾಗಿದ್ದಾಗ

ಬೋಳಾರದವರಿಗೆ, ಜೆಪ್ಪುವಿನವರಿಗೆ, ಹೊಯಿಗೆ ಬಜಾರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಘಟ್ಟದಿಂದ ಗಾಡಿಯಲ್ಲಿ ಇಳಿದ ಸರಕು ಬಂಟ್ವಾಳ, ಪಾಣೆಮಂಗಳೂರಿಗೆ ಬರುವುದು, ಅಲ್ಲಿಂದ ದೋಣಿ ಹತ್ತಿ ನೇತ್ರಾವತಿಯಲ್ಲಿ ಮಂಗಳೂರು ಬಂದರಕ್ಕೆ ಇಳಿಯುವುದು. ಇದು ಈ ಜಿಲ್ಲೆಯ ವ್ಯಾಪಾರದ ಹಳೆಯ ದಾರಿ. ಬಂಟ್ವಾಳ ಪೇಟೆ ಬೆಳೆದದ್ದೇ ಹೊಳೆಯ ಬಲದಿಂದ.

1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆಯ ದಂಡೆಯಲ್ಲೇ ಯಾಕೆ ಹಾಕಿದರು? ಹೊಳೆಬದಿಯ ಜೇಡಿಮಣ್ಣು ದೋಣಿಯಲ್ಲಿ ಬರಬೇಕು, ಸೌದೆ ದೋಣಿಯಲ್ಲಿ ಬರಬೇಕು, ಸುಟ್ಟ ಹಂಚು ದೋಣಿಯಲ್ಲೇ ಬಂದರಕ್ಕೆ ಹೋಗಬೇಕು. ಬೇರೆ ಕಾರ್ಖಾನೆಗಳೂ ಅದೇ ಲೆಕ್ಕದಲ್ಲಿ ನೀರ ಬದಿಗೆ ಬಂದು ಕೂತವು. ಮಂಗಳೂರು ಹಂಚು ಮುಂಬಯಿಗೆ, ಸಿಂಹಳಕ್ಕೆ, ಆಫ್ರಿಕಕ್ಕೆ ಹೋದದ್ದು ಮೊದಲು ನೀರ ಮೇಲೆ. ಇವತ್ತಿಗೂ ಹಳೆ ಬಂದರದಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಮಂಜಿಯಲ್ಲಿ ಹೋಗುವುದನ್ನು ನಮ್ಮ ಬಂದರದ ಅಂಗಡಿಯವರು ಬಲ್ಲರು.

1907ರಲ್ಲಿ ಮಲಬಾರಿನ ಕಡೆಯಿಂದ ರೈಲು ಬಂತು, ಹೊಳೆಗೆ ರೈಲು ಸೇತುವೆ ಬಂತು. ಆಮೇಲೆ ರಸ್ತೆ ಸೇತುವೆ, ಅದರ ಪಕ್ಕ ಇನ್ನೊಂದು ರಸ್ತೆ ಸೇತುವೆ. ಆಚೆ ಗುರುಪುರ ಹೊಳೆಗೆ ಕೂಳೂರಿನಲ್ಲಿ 1952ರಲ್ಲಿ ಕಮಾನು ಸೇತುವೆ. ಒಂದೊಂದೂ ಬೇಕಾದದ್ದೇ. ಕಡವಿನಲ್ಲಿ ಮಳೆಗಾಲದಲ್ಲಿ ಕೊಡೆ ಹಿಡಿದು ದೋಣಿಗೆ ಕಾದವರನ್ನು ಕೇಳಿದರೆ ಸೇತುವೆಯ ಬೆಲೆ ಹೇಳುತ್ತಾರೆ. ಸೇತುವೆ ಬೇಡ ಎನ್ನುವ ಮೂರ್ಖ ನಾನಲ್ಲ.

ನನ್ನ ತಕರಾರು ಬೇರೆ. ಸೇತುವೆ ಕಟ್ಟಿದ ಮೇಲೆ ನಾವು ಹೊಳೆಯನ್ನು ರಸ್ತೆ ಎಂದು ಲೆಕ್ಕ ಮಾಡುವುದನ್ನೇ ಬಿಟ್ಟೆವು. ಹೊಳೆ ಎಂದರೆ ದಾಟಬೇಕಾದ ಅಡ್ಡಿ ಅಷ್ಟೆ. ಅದರ ಉದ್ದಕ್ಕೂ ಹೋಗಬೇಕಾದವರು ಇದ್ದಾರೆ ಎಂಬುದು ಎಸ್ಟಿಮೇಟಿನಿಂದ ಬಿಟ್ಟುಹೋಯಿತು.

ಬಾಗಿಲು ತೆರೆಯುವ ಸಂಕ

ಎರಡು ರಸ್ತೆ ಅಡ್ಡ ಬಂದರೆ ಪೊಲೀಸು ನಿಲ್ಲಿಸುತ್ತೇವೆ. ರೈಲಿಗೆ ರಸ್ತೆ ಅಡ್ಡ ಬಂದರೆ ಗೇಟು ಹಾಕುತ್ತೇವೆ. ನೀರದಾರಿಗೆ ರಸ್ತೆ ಅಡ್ಡ ಬಂದರೆ ಏನು ಮಾಡಬೇಕು? ಇದಕ್ಕೆ ಹೊರದೇಶದವರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಅದೇ ತಿರುಗುವ ಸೇತುವೆ. ದೋಣಿ ಬಂದಾಗ ಸಂಕವೇ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತದೆ.

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ನನಗೆ ಅರ್ಥವಾದ ಮೇಲೆ ಓದುಗರಿಗೆ ಅರ್ಥವಾಗದೆ ಇದ್ದೀತೇ? ಮನೆಯ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಅಡಿಯ ಕಲ್ಲಿನ ನಡುವೆ ಒಂದು ಗೂಟ, ಆ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ತಿರುಗುವ ಸೇತುವೆಯೂ ಹಾಗೆಯೇ. ನೀರಿನ ನಡುವೆ ಒಂದು ದಪ್ಪ ಕಂಬ. ಅದರ ತಲೆಯ ಮೇಲೆ ಕಬ್ಬಿಣದ ದೊಡ್ಡ ಬಳೆ, ಬಳೆಯ ಮೇಲೆ ಉರುಳುವ ಗಾಲಿಗಳು, ಗಾಲಿಗಳ ಮೇಲೆ ಸೇತುವೆ. ಎರಡೂ ಬದಿಯ ತೋಳು ಸಮತೂಕ. ಅಂಗಡಿಯವರು ತಕ್ಕಡಿ ಹಿಡಿದವರು, ಅವರಿಗೆ ಗೊತ್ತು: ಎರಡು ತಟ್ಟೆ ಸಮ ಇದ್ದರೆ ಬೆರಳು ತಾಗಿದರೂ ಅಲ್ಲಾಡುತ್ತದೆ. ಅದಕ್ಕೇ ನೂರಾರು ಟನ್ನಿನ ಸೇತುವೆಯನ್ನು ಅಷ್ಟೇನೂ ದೊಡ್ಡದಲ್ಲದ ಯಂತ್ರ ತಿರುಗಿಸುತ್ತದೆ.

ಚಿಕ್ಕ ಕಾಲುವೆಗಳಲ್ಲಿ ಯಂತ್ರವೂ ಬೇಡ. ಇಂಗ್ಲೆಂಡಿನ ಕಾಲುವೆಗಳಲ್ಲಿ ಸಂಕದ ಗೂಟವನ್ನು ಒಂದು ದಂಡೆಯಲ್ಲೇ ಇಟ್ಟು, ದಂಡೆಯ ಕಡೆಯ ಗಿಡ್ಡ ತುದಿಗೆ ಭಾರ ಹೇರಿ ಸಮ ಮಾಡುತ್ತಾರೆ. ದೋಣಿಯವನೇ ಇಳಿದು ಬಂದು, ಮರದ ತೊಲೆಗೆ ಬೆನ್ನು ಕೊಟ್ಟು ದೂಡುತ್ತಾನೆ. ದೋಣಿ ದಾಟಿತು, ಮತ್ತೆ ದೂಡಿ ಮುಚ್ಚಿದ, ಹೋದ. ನಮ್ಮ ಗದ್ದೆಯ ಉಣುಗೋಲು ತೆಗೆದು ಹಾಕಿದ ಹಾಗೆ!

ದೊಡ್ಡ ಸೇತುವೆಗಾದರೆ ಕ್ರಮ ಉಂಟು. ಮೊದಲು ಗಂಟೆ ಬಾರಿಸಬೇಕು. ರಸ್ತೆಗೆ ಗೇಟು ಬೀಳಬೇಕು. ಸೇತುವೆಯ ಮೇಲೆ ಯಾರೂ ಉಳಿದಿಲ್ಲ ಎಂದು ಕಣ್ಣಾರೆ ನೋಡಬೇಕು. ಆಮೇಲೆ ಎರಡು ತುದಿಯ ಚಿಲಕ ಸರಿಸಿ, ತುದಿಯ ಅಡಿಗೆ ಬಿಗಿದ ಬೆಣೆಗಳನ್ನು ತೆಗೆಯಬೇಕು. ಈ ಬೆಣೆ ಬಹಳ ಮುಖ್ಯ. ತೋಳು ಗಾಳಿಯಲ್ಲಿ ಇರುವಾಗ ತುದಿ ಸ್ವಲ್ಪ ಜೋತುಬೀಳುತ್ತದೆ. ಬೆಣೆ ಹಾಕಿ ಎತ್ತಿ ಬಿಗಿಯದೆ ಅದರ ಮೇಲೆ ಬಸ್ಸು ಬಿಟ್ಟರೆ ತಕ್ಕಡಿಯ ಒಂದೇ ತಟ್ಟೆಗೆ ಮೂಟೆ ಇಟ್ಟ ಹಾಗಾದೀತು. ಬೆಣೆ ತೆಗೆದ ಮೇಲೆ ಸೇತುವೆ ಕಾಲು ಸುತ್ತು ತಿರುಗಿ ನೀರಿನ ಉದ್ದಕ್ಕೆ ನಿಲ್ಲುತ್ತದೆ. ಹಡಗು ಪಕ್ಕದಲ್ಲಿ ದಾಟುತ್ತದೆ. ಮತ್ತೆ ಎಲ್ಲವೂ ಹಿಂದುಮುಂದಾಗಿ: ತಿರುಗಿಸು, ಬೆಣೆ ಬಿಗಿ, ಚಿಲಕ ಹಾಕು, ಗೇಟು ತೆಗೆ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಬೇಕಾದದ್ದು ಎಣ್ಣೆ, ಎಚ್ಚರ ಮತ್ತು ಸಂಬಳದ ಒಬ್ಬ ಆಳು. ಇಂಗ್ಲೆಂಡಿನಲ್ಲಿ 1827ರಲ್ಲಿ ತೆರೆದ ಗ್ಲಾಸ್ಟರ್–ಶಾರ್ಪ್‌ನೆಸ್ ಕಾಲುವೆಯ ಬದಿಯಲ್ಲಿ ಸಂಕ ಕಾಯುವವರಿಗೆಂದೇ ಕಂಬದ ಜಗಲಿಯ ಚಂದದ ಮನೆಗಳನ್ನು ಕಟ್ಟಿಸಿಕೊಟ್ಟಿದ್ದರು. ಸಂಕದ ಜೊತೆಗೆ ಸಂಕ ಕಾಯುವವನೂ ಎಸ್ಟಿಮೇಟಿನಲ್ಲಿ ಇದ್ದ.

ಕಾರ್ಖಾನೆಯವನ ಹಟ, ಕಲ್ಲಿದ್ದಲ ಕಾಲುವೆ

ನಮ್ಮ ಬೋಳಾರದ ಕತೆಗೆ ಹತ್ತಿರವಾದದ್ದು ನ್ಯೂಕಾಸಲ್ ಎಂಬ ಊರಿನ ಕತೆ. ಅಲ್ಲಿ ಟೈನ್ ಹೊಳೆಗೆ 1781ರ ಒಂದು ಕಲ್ಲಿನ ಸೇತುವೆ ಇತ್ತು. ಕಮಾನು ತೀರ ತಗ್ಗು. ದೊಡ್ಡ ಹಡಗು ಅದರಿಂದ ಮೇಲೆ ಹೋಗುವಂತಿಲ್ಲ. ಆರ್ಮ್‌ಸ್ಟ್ರಾಂಗ್ ಎಂಬವನ ದೊಡ್ಡ ಕಾರ್ಖಾನೆ ಇದ್ದದ್ದು ಸೇತುವೆಯ ಮೇಲ್ಗಡೆ. ಊರವರು ಸೇತುವೆಯನ್ನೂ ಬಿಡಲಿಲ್ಲ, ಹೊಳೆಯನ್ನೂ ಬಿಡಲಿಲ್ಲ. ಹಳೆಯದನ್ನು ಕೆಡವಿ 1876ರಲ್ಲಿ ಅದೇ ಜಾಗದಲ್ಲಿ ತಿರುಗುವ ಸೇತುವೆ ಹಾಕಿದರು. ನೀರಿನ ಒತ್ತಡದಿಂದ ಅದನ್ನು ತಿರುಗಿಸುವ ಯಂತ್ರ ಮಾಡಿಕೊಟ್ಟವನು ಅದೇ ಆರ್ಮ್‌ಸ್ಟ್ರಾಂಗ್. ಆಮೇಲೆ ಅವನ ಕಡೆ ಯುದ್ಧನೌಕೆಗಳನ್ನೇ ಕಟ್ಟಿ ಇಳಿಸಿದರು.

ಇನ್ನೊಂದು ಇನ್ನೂ ವಿಚಿತ್ರ. ಮ್ಯಾಂಚೆಸ್ಟರ್ ಊರಿಗೆ ಸಮುದ್ರದ ಹಡಗು ತರಲು 1894ರಲ್ಲಿ ದೊಡ್ಡ ಕಾಲುವೆ ತೆರೆದರು. ಅದಕ್ಕೆ ಅಡ್ಡವಾಗಿ ಆಗಲೇ ಒಂದು ಚಿಕ್ಕ ಕಾಲುವೆ ಇತ್ತು. ಕಲ್ಲಿದ್ದಲ ದೋಣಿ ಹೋಗುವ, 1761ರಷ್ಟು ಹಳೆಯ ಕಾಲುವೆ ಅದು. ಹೊಸದು ಬಂತು ಎಂದು ಹಳೆಯದನ್ನು ಮುಚ್ಚಿದರೇ? ಇಲ್ಲ. ಬಾರ್ಟನ್ ಎಂಬಲ್ಲಿ ನೀರು ತುಂಬಿದ ಕಬ್ಬಿಣದ ದೋಣಿಯಂಥ ಒಂದು ಕಾಲುವೆಯನ್ನೇ ಮೇಲಿನಿಂದ ತಿರುಗುವ ಸೇತುವೆ ಮಾಡಿದರು. ಹಡಗು ಬಂದಾಗ ಎರಡು ತುದಿಯ ಬಾಗಿಲು ಮುಚ್ಚಿ, ಸುಮಾರು 1,450 ಟನ್ ಭಾರವನ್ನು ನೀರು ಸಮೇತ ತಿರುಗಿಸುತ್ತಾರೆ!

ಹಾಗೆಂದು ಅವರೆಲ್ಲ ಬುದ್ಧಿವಂತರು, ನಾವೆಲ್ಲ ದಡ್ಡರು ಎಂದಲ್ಲ. ಈಜಿಪ್ಟಿನ ಸೂಯೆಜ್ ಕಾಲುವೆಗೆ ಅಲ್ ಫರ್ದಾನ್ ಎಂಬಲ್ಲಿ 2001ರಲ್ಲಿ 340 ಮೀಟರಿನ ತಿರುಗುವ ರೈಲು ಸೇತುವೆ ಹಾಕಿದರು. ಎರಡು ದಂಡೆಯಿಂದ ಎರಡು ರೆಕ್ಕೆ ತಿರುಗಿ ಬಂದು ನಡುವೆ ಕೂಡುತ್ತವೆ. ಪ್ರಪಂಚದಲ್ಲೇ ಅಷ್ಟು ಉದ್ದದ ತಿರುಗುವ ಸೇತುವೆ ಇನ್ನೊಂದಿಲ್ಲ. ಆದರೆ 2015ರಲ್ಲಿ ಪಕ್ಕದಲ್ಲೇ ಎರಡನೇ ಕಾಲುವೆ ತೋಡಿದರು. ಸೇತುವೆ ದಾಟಿದ ರೈಲು ಮುಂದಿನ ನೀರಿನ ಮುಂದೆ ನಿಲ್ಲಬೇಕಾಯಿತು, ದಾರಿಯೇ ತುಂಡಾಯಿತು. ಸೇತುವೆಯವರೂ ಕಾಲುವೆಯವರೂ ಒಂದೇ ನಕ್ಷೆ ನೋಡದಿದ್ದರೆ ಇದೇ ಗತಿ. ನಮ್ಮ ಇಲಾಖೆಗಳು ಕಲಿಯಬೇಕಾದ ಪಾಠ ಇದು.

ನಮ್ಮ ದೇಶದಲ್ಲಿ ಇಲ್ಲವೇ?

ಉಂಟು. ಕಲ್ಕತ್ತಾದ ಖಿದಿರ್‌ಪುರ ಡಾಕಿನಲ್ಲಿ ತಿರುಗುವ ಸೇತುವೆಯೂ ಉಂಟು, ಮೇಲಕ್ಕೆ ಏಳುವ ಸೇತುವೆಯೂ ಉಂಟು. ಹೌರಾದಲ್ಲಿ ಈಗಿನ ದೊಡ್ಡ ಸೇತುವೆ 1943ರಲ್ಲಿ ಬರುವುದಕ್ಕೆ ಮೊದಲು, 1874ರಿಂದ ತೇಲುವ ಸೇತುವೆ ಇತ್ತು. ಹಡಗು ಬಂದಾಗ ನಡುವಿನ 200 ಅಡಿ ತುಂಡನ್ನು ಬಿಚ್ಚಿ ಸರಿಸುತ್ತಿದ್ದರು. ಹಗಲು ಬಿಚ್ಚಿದರೆ ಗಾಡಿಗಳು ಸಾಲುಗಟ್ಟುತ್ತವೆ ಎಂದು 1906ರಿಂದ ರಾತ್ರಿಯೂ ಬಿಚ್ಚತೊಡಗಿದರು. ಸಮಯ ಹೊಂದಿಸಿದರೆ ಅರ್ಧ ಜಗಳ ಮುಗಿಯಿತು, ನೋಡಿ.

ನಮ್ಮ ಕಡೆಯವರು ರಾಮೇಶ್ವರ ಯಾತ್ರೆಗೆ ಹೋದಾಗ ಪಾಂಬನ್ ಸೇತುವೆ ನೋಡಿ ಬಂದು ಹೇಳುವುದುಂಟು. 1914ರ ಫೆಬ್ರುವರಿ 24ರಂದು ತೆರೆದದ್ದು. ನಡುವೆ ಎರಡು ರೆಕ್ಕೆ, ಎರಡೂ ಬದಿಯಲ್ಲಿ ಆಳುಗಳು ನಿಂತು ಕೈಬಲದಿಂದಲೇ ಸನ್ನೆ ತಿರುಗಿಸಿ ರೆಕ್ಕೆ ಎತ್ತುತ್ತಿದ್ದರು. ಕರೆಂಟಿಲ್ಲ, ಗುಂಡಿ ಒತ್ತುವುದಿಲ್ಲ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಸೇತುವೆ ಹಾಳಾದಾಗ 46 ದಿನಗಳಲ್ಲಿ ಮತ್ತೆ ನಿಲ್ಲಿಸಿದವರು ಇ. ಶ್ರೀಧರನ್. ಮುಂದೆ ನಮ್ಮೂರಿಗೆ ಕೊಂಕಣ ರೈಲು ತಂದವರೂ ಅವರೇ. ಹಳೆ ಸೇತುವೆಯಲ್ಲಿ 2022ರ ಡಿಸೆಂಬರಿನಲ್ಲಿ ರೈಲು ನಿಂತಿತು. 2025ರ ಏಪ್ರಿಲ್ 6ರಂದು ಹೊಸತು ತೆರೆಯಿತು. ಇದರ ನಡುವಿನ 72.5 ಮೀಟರ್ ತುಂಡು ಲಿಫ್ಟಿನ ಹಾಗೆ 17 ಮೀಟರ್ ಮೇಲೆ ಏಳುತ್ತದೆ. ಹೊಸ ಸೇತುವೆ ಕಟ್ಟುವಾಗಲೂ ದೋಣಿಯವರ ಬಾಗಿಲನ್ನು ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು.

ಕೊಚ್ಚಿಯ ಕತೆ ಮಾತ್ರ ಸ್ವಲ್ಪ ಕಹಿ. ಬ್ರಿಸ್ಟೋ ಸಾಹೇಬರ ಕಾಲದಲ್ಲಿ ಮಟ್ಟಾಂಚೇರಿಗೆ ಹಾಕಿದ ಹಳೆ ಸೇತುವೆಯ ನಡುವಿನ ತುಂಡನ್ನು ಎತ್ತಿ ದೋಣಿ ಬಿಡಬಹುದಿತ್ತು. ಮುಂದೆ ಅದನ್ನು ಎತ್ತುವುದೇ ನಿಂತುಹೋಯಿತು. ಆದರೆ ಕೊಚ್ಚಿಯವರು ನೀರನ್ನು ಮರೆಯಲಿಲ್ಲ. 2023ರ ಏಪ್ರಿಲಿನಲ್ಲಿ ಅಲ್ಲಿ ವಾಟರ್ ಮೆಟ್ರೋ ಶುರುವಾಯಿತು. ಆಫೀಸಿಗೆ ಹೋಗುವವರು ಟಿಕೆಟು ತೆಗೆದು ಬೋಟು ಹತ್ತುತ್ತಾರೆ.

ನಮ್ಮ ನೀರದಾರಿಯ ಹಣೆಬರಹ

ಕೊಚ್ಚಿಯದನ್ನು ನೋಡಿ ನಮ್ಮ ಸರಕಾರವೂ ಮಂಗಳೂರಿಗೆ ವಾಟರ್ ಮೆಟ್ರೋ ಎಂದು 2024ರಲ್ಲಿ ಹೇಳಿತು. ಬಜಾಲಿನಿಂದ ಮರವೂರಿನ ತನಕ, ನೇತ್ರಾವತಿಯಲ್ಲಿ ಇಳಿದು ಗುರುಪುರ ಹೊಳೆಯಲ್ಲಿ ಹತ್ತುವ ದಾರಿ. ಅದಕ್ಕೂ ಮೊದಲೇ, 2016ರ ಕೇಂದ್ರದ ಕಾನೂನಿನಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಬಂದಾಗ ನಮ್ಮ ನೇತ್ರಾವತಿಗೆ 74ನೇ ನಂಬರು, ಗುರುಪುರ ಹೊಳೆಗೆ 43ನೇ ನಂಬರು ಸಿಕ್ಕಿತ್ತು. ರಸ್ತೆಗೆ 66 ಎಂಬ ನಂಬರು ಇದ್ದ ಹಾಗೆಯೇ. ಕಾಗದದಲ್ಲಿ ಎರಡೂ ರಾಷ್ಟ್ರೀಯ ದಾರಿಗಳೇ.

ಆದರೆ ನಕ್ಷೆ ಬಿಚ್ಚಿ ನೋಡಿ. ಬಜಾಲಿನಲ್ಲಿ ಬೋಟು ಹತ್ತಿದವನು ಬೋಳಾರಕ್ಕೆ ಬರುವುದಕ್ಕೆ ಮೊದಲೇ ರೈಲು ಸೇತುವೆ, ರಸ್ತೆ ಸೇತುವೆಗಳ ಅಡಿಯಿಂದ ನುಸುಳಬೇಕು. ಬೋಳಾರ, ಹೊಯಿಗೆ ಬಜಾರ್, ಬಂದರು, ಅಳಿವೆ ಬಾಗಿಲು, ಸುಲ್ತಾನ್ ಬತ್ತೇರಿ ತನಕ ಸಲೀಸು. ಮುಂದೆ ಕೂಳೂರು, ಆಮೇಲೆ ಮರವೂರು. ಅಂದರೆ ದಾರಿಯ ಎರಡೂ ತುದಿಯಲ್ಲಿ ಸೇತುವೆ. ನಡುವೆ ನಮ್ಮ ಬೋಳಾರ. ಇನ್ನು ನೇತ್ರಾವತಿಯಲ್ಲಿ ಮೇಲೆ ಹೋದರೆ ಹರೇಕಳ–ಅಡ್ಯಾರಿನ ಸೇತುವೆ ಸಹಿತ ಅಣೆಕಟ್ಟು, ಅದರ ಮೇಲೆ ತುಂಬೆ ಅಣೆಕಟ್ಟು. ಬಾಗಿಲು ಇಳಿಸಿದರೆ ಉಪ್ಪುನೀರು ಮೇಲೆ ಹೋಗುವುದಿಲ್ಲ, ಸರಿ. ದೋಣಿಯೂ ಹೋಗುವುದಿಲ್ಲ. ನಮಗೆ ಕುಡಿಯುವ ನೀರು ಬೇಕು, ಹರೇಕಳದವರಿಗೆ ದಾರಿ ಬೇಕು, ಎರಡೂ ನ್ಯಾಯವೇ. ಆದರೆ ಬಂಟ್ವಾಳದ ತನಕ ಇದ್ದ ಸಾವಿರ ದೋಣಿಗಳ ದಾರಿ ಮುಚ್ಚುವಾಗ ಯಾರಾದರೂ ಒಂದು ಮಾತು ಆಡಿದರೇ?

ಸ್ಮಾರ್ಟ್ ಸಿಟಿಯವರು ಹೊಳೆಬದಿಯಲ್ಲಿ ಜನರಿಗೆ ನಡೆದಾಡಲು ದಾರಿ ಮಾಡುವ ಯೋಜನೆ ಹಾಕಿದರು. ನಡೆಯಲಿ, ಗಾಳಿ ಕುಡಿಯಲಿ. ಆದರೆ ದೋಣಿ ಇಲ್ಲದ ಹೊಳೆಯನ್ನು ಬೆಂಚಿನಲ್ಲಿ ಕೂತು ನೋಡುವುದಕ್ಕೇ ಬೋಳಾರದವರು ಇರುವುದೇ?

ಆಕ್ಷೇಪಣೆಗಳಿಗೆ ಉತ್ತರ

"ಹೆದ್ದಾರಿಯ ಸೇತುವೆಯನ್ನು ತಿರುಗಿಸಿದರೆ ತಲಪಾಡಿಯ ತನಕ ಲಾರಿ ನಿಲ್ಲುತ್ತದೆ ಮಾರಾಯ್ರೆ" ಎಂದು ಬಂದರದ ಅಂಗಡಿಯವರೊಬ್ಬರು ನನ್ನನ್ನು ದಬಾಯಿಸಿದರು. ಅವರ ಮಾತು ಸರಿ. ಹೆದ್ದಾರಿಗೆ, ರೈಲಿಗೆ ತಿರುಗುವ ಸೇತುವೆ ಹಾಕಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ಬೇಕಾದದ್ದು ಎತ್ತರ ಮತ್ತು ಅಗಲ. ಸೇತುವೆಗೆ ತಕ್ಕ ತಗ್ಗಿನ ಬೋಟು ಮಾಡಿಸಿದರೆ ಹಳೆ ಸೇತುವೆಯ ಅಡಿಯಿಂದಲೂ ಕೆಲಸ ಆದೀತು. ಹೊಯಿಗೆ ದೋಣಿಯವರು ಹೋಗುವುದಿಲ್ಲವೇ?

ಆದರೆ ಜನ ನಡೆಯುವ ಸಂಕ, ಬೈಕು ಹೋಗುವ ಸಂಕ, ತೋಡಿನ ಬಾಯಿಯ ಸಂಕ, ಕುದುರುಗಳಿಗೆ ಹೋಗುವ ಸಂಕ ಎಂದರೆ ಮಾತು ಬೇರೆ. ಅಲ್ಲಿ ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ ಗೇಟು ಹಾಕಿದರೆ ಆಕಾಶ ಬೀಳುವುದಿಲ್ಲ. ರೈಲ್ವೆ ಗೇಟಿನಲ್ಲಿ ನಾವು ಅದಕ್ಕಿಂತ ಹೆಚ್ಚು ಕಾದಿದ್ದೇವೆ. ಎತ್ತರದ ಸಂಕ ಕಟ್ಟಲು ಎರಡು ಬದಿಯಲ್ಲಿ ಉದ್ದದ ಏರಿ ಬೇಕು, ಏರಿಗೆ ಜಾಗ ಬೇಕು, ಜಾಗಕ್ಕೆ ಬಡವರ ಮನೆ ಬೇಕು. ತಗ್ಗಿನಲ್ಲಿ ತೆರೆಯುವ ಸಂಕಕ್ಕೆ ಇದು ಬೇಡ.

ಇನ್ನೊಂದು ಆಕ್ಷೇಪಣೆ ನಾನೇ ಎತ್ತುತ್ತೇನೆ. ಯಂತ್ರ ಹಾಕಿದ ಮೇಲೆ ಎಣ್ಣೆ ಹಾಕುವವರು ಯಾರು? ಉದ್ಘಾಟನೆಗೆ ಬಂದವರು ರಿಬ್ಬನ್ ಕತ್ತರಿಸಿ ಹೋಗುತ್ತಾರೆ. ಮೂರನೇ ಮಳೆಗಾಲಕ್ಕೆ ತುಕ್ಕು, ನಾಲ್ಕನೆಯದಕ್ಕೆ "ದುರಸ್ತಿಯಲ್ಲಿದೆ" ಎಂಬ ಬೋರ್ಡು. ಬಸ್‌ಸ್ಟಾಂಡಿನ ಶೌಚಾಲಯದ ನಲ್ಲಿ ಸರಿ ಇಡಲು ಆಗದವರು ಸೇತುವೆ ತಿರುಗಿಸುತ್ತಾರೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಮೇಲೆ ಹೇಳಿದ್ದು, ಕಬ್ಬಿಣಕ್ಕಿಂತ ಮೊದಲು ಆಳಿನ ಸಂಬಳವನ್ನು ಎಸ್ಟಿಮೇಟಿಗೆ ಬರೆಯಿರಿ ಎಂದು. ಪಾಂಬನ್ ರೆಕ್ಕೆ ಒಂದು ಶತಮಾನ ಎದ್ದದ್ದು ಕಬ್ಬಿಣದಿಂದ ಮಾತ್ರ ಅಲ್ಲ, ಸಮುದ್ರದ ಉಪ್ಪುಗಾಳಿಯಲ್ಲಿ ಅದಕ್ಕೆ ಬಣ್ಣ ಬಳಿದ, ಸನ್ನೆ ತಿರುಗಿಸಿದ ಕೂಲಿಯವರಿಂದ.

ನಾವು ಕೇಳಬೇಕಾದದ್ದು

ದೊಡ್ಡ ಬೇಡಿಕೆ ಇಲ್ಲ. ಮೊದಲನೆಯದು, ನೇತ್ರಾವತಿ, ಗುರುಪುರ ಹೊಳೆಗಳ ಪ್ರತಿಯೊಂದು ಸೇತುವೆಯ ಕಂಬದ ಮೇಲೆ ಅಡಿ ಲೆಕ್ಕದ ಪಟ್ಟಿ ಬಳಿಯಿರಿ. ದೊಡ್ಡ ಉಬ್ಬರದಲ್ಲಿ, ಆಟಿ ತಿಂಗಳ ನೆರೆಯಲ್ಲಿ ದೋಣಿಯ ತಲೆಗೆ ಎಷ್ಟು ಜಾಗ ಉಳಿಯುತ್ತದೆ ಎಂದು ದಂಡೆಯಲ್ಲಿ ನಿಂತವನಿಗೂ ಕಾಣಲಿ. ಬಣ್ಣದ ಡಬ್ಬಿಯ ಖರ್ಚು, ಅಷ್ಟೆ. ವಾಟರ್ ಮೆಟ್ರೋ ಬೋಟಿನ ಆರ್ಡರು ಕೊಡುವುದು ಆ ಪಟ್ಟಿ ನೋಡಿದ ಮೇಲೆ.

ಎರಡನೆಯದು, ಇನ್ನು ಮುಂದೆ ಈ ಎರಡು ಹೊಳೆಗೆ ಯಾವ ಸಂಕ, ಯಾವ ಅಣೆಕಟ್ಟು ಕಟ್ಟುವುದಿದ್ದರೂ ನಕ್ಷೆಯಲ್ಲಿ "ದೋಣಿಯ ದಾರಿ" ಎಂದು ಒಂದು ಗೆರೆ ಎಳೆಯಿರಿ. ಎತ್ತರ ಮಾಡುತ್ತೀರೋ, ತಿರುಗಿಸುತ್ತೀರೋ, ಎತ್ತುತ್ತೀರೋ, ಎಂಜಿನಿಯರರು ನೋಡಿಕೊಳ್ಳಲಿ. ದಾರಿ ಇಲ್ಲದಿದ್ದರೆ ಇಲ್ಲ ಎಂದು ಸಾರ್ವಜನಿಕರ ಮುಂದೆ ಮೊದಲೇ ಹೇಳಿ.

ಮೂರನೆಯದು, ಲೋಕೋಪಯೋಗಿಯವರು, ಹೆದ್ದಾರಿಯವರು, ರೈಲಿನವರು, ಸಣ್ಣ ನೀರಾವರಿಯವರು, ಬಂದರಿನವರು, ಪಾಲಿಕೆಯವರು ಒಂದೇ ಮೇಜಿನಲ್ಲಿ ಒಂದೇ ನಕ್ಷೆ ಇಟ್ಟು ಕೂರಲಿ. ಆ ಮೇಜಿಗೆ ಇಬ್ಬರು ದೋಣಿಯವರನ್ನೂ ಕರೆಯಲಿ. ಹೊಳೆಯ ಆಳ ಅವರಿಗೆ ಗೊತ್ತಿದ್ದಷ್ಟು ಫೈಲಿಗೆ ಗೊತ್ತಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಮನುಷ್ಯನ ಜಾತಿಗುಣ. ಆದರೆ ಮಂಗಳೂರು ಇನ್ನೂ ಹೊಳೆ ದಾಟಿಲ್ಲ. ಸೇತುವೆಯ ಮೇಲೆ ಬಸ್ಸಿನಲ್ಲಿ ನಿಂತುಕೊಂಡೇ ಉಂಟು. ಮುಂದೆ ಹೋಗಿ ಎಂದು ಕಂಡಕ್ಟರು ಕೂಗುತ್ತಾ ಇದ್ದಾನೆ. ಕೆಳಗೆ ಅಂಬಿಗನ ದಾರಿ ಖಾಲಿ ಬಿದ್ದಿದೆ. ನಾಳೆ ಬೆಳಿಗ್ಗೆ ನಿಮ್ಮ ಬಸ್ಸು ಅಲ್ಲಿ ನಿಂತರೆ, ಮೊಬೈಲಿನಿಂದ ತಲೆ ಎತ್ತಿ ಒಮ್ಮೆ ಕಿಟಕಿಯಿಂದ ಕೆಳಗೆ ನೋಡಿ. ಸಂಕ ಕಟ್ಟುವವರನ್ನು ಕೇಳಬೇಕಾದ ಪ್ರಶ್ನೆ ಅಲ್ಲೇ ಕಾಣುತ್ತದೆ.